ಕಲ್ಲಿನ ಕೋಲುಗಳ ಮೇಡಮ್ಮ

ಮೊನ್ನೆ ಗುರುವಾರ ಮಾಗಡಿಗೆ ಮಣ್ಣಿಗೆ ಹೋಗಿ ಬಂದೆ. ಎರಡು ಬಸ್ಸು ಬದಲಿಸಿ ಹೋಗಿ, ಸಾಯಂಕಾಲ ಬಂದು ತಲೆಗೆ ನೀರು ಹಾಕಿಕೊಂಡು ಜಗಲಿಯ ಮೇಲೆ ಕೂತಾಗ ನೀವಿಬ್ಬರೂ ಕೇಳಿದಿರಿ, "ಅಜ್ಜಿ, ಅವ್ರು ನಮ್ಗೇನಾಗ್ಬೇಕು?" ಅಂತ. ಹುಳುಮನೆಗೆ ಬಾಡಿಗೆಗಿದ್ದವರು ಎಂದೆ. ಬಾಡಿಗೆಗಿದ್ದವರ ಮಣ್ಣಿಗೆ ಯಾರಾದರೂ ಅಷ್ಟು ದೂರ ಹೋಗುತ್ತಾರಾ, ಹೋದರೂ ಹೀಗೆ ಕಣ್ಣು ಊದಿಸಿಕೊಂಡು ಬರುತ್ತಾರಾ ಎಂದು ದೊಡ್ಡವಳು ಮತ್ತೆ ಕೇಳಿದಳು. ನಾನು ಹಸುವಿಗೆ ಹುಲ್ಲು ಹಾಕುವ ನೆಪ ಹೇಳಿ ಎದ್ದು ಹೋದೆ.

ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ. ನಾಲ್ಕು ಜನರ ಮುಂದೆ ನನ್ನ ಮಾತು ಗಂಟಲಲ್ಲೇ ಕೂರುತ್ತದೆ. ನೀವಿಬ್ಬರೇ ಇದ್ದರೂ ಅಷ್ಟೇ, ನಡುವೆ ನೀವು ಮೊಬೈಲು ನೋಡುತ್ತೀರಿ, ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಊರಿನ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ನಾನು ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ಮೇಡಮ್ಮ ಅನ್ನುತ್ತಿದ್ದೆ. ಅವರು ನನ್ನನ್ನು ಅಕ್ಕಾ ಅನ್ನುತ್ತಿದ್ದರು, ನನಗಿಂತ ಅವರೇ ಎರಡು ವರ್ಷಕ್ಕೆ ದೊಡ್ಡವರಾದರೂ.

ಹುಳುಮನೆ ನಿಮಗೆ ಹಸುಗಳ ಕೊಟ್ಟಿಗೆಯಾಗಿಯೇ ಗೊತ್ತು. ನಿಮ್ಮ ತಾತ ಇದ್ದಾಗ ಅದರ ತುಂಬ ರೇಷ್ಮೆ ಹುಳ. ತಾತ ಹೋದ ಮೇಲೆ ಅಷ್ಟು ಹುಳವನ್ನು ನಾನೊಬ್ಬಳೇ ಮೇಯಿಸಲಾರದೆ ಬಿಟ್ಟೆ, ನಿಮ್ಮಪ್ಪ ಹಾಲಿನ ಕಡೆ ತಿರುಗಿದ. ಉದ್ದನೆಯ ಮನೆ ಖಾಲಿ ಬಿದ್ದಿತ್ತು. ದೊಡ್ಡವಳಿಗೆ ಆಗ ಮೂರು ವರ್ಷ, ಚಿಕ್ಕವನು ಇನ್ನೂ ಹುಟ್ಟಿರಲಿಲ್ಲ. ಒಂದು ಬೆಳಿಗ್ಗೆ ಜೀಪೊಂದು ಬಂದು ಮನೆ ಮುಂದೆ ನಿಂತಿತು. ಗಂಡಸರ ಶೂ, ತುಂಬು ತೋಳಿನ ಅಂಗಿ, ಮೊರದಷ್ಟು ಅಗಲದ ಹ್ಯಾಟು ಹಾಕಿದ್ದ ಹೆಂಗಸು ಇಳಿದರು. ಪಕ್ಕದ ಮನೆಯ ಜಯಮ್ಮ ನನ್ನ ಕಿವಿಯಲ್ಲಿ, "ಪಿಚ್ಚರ್ ತೆಗಿಯೋರು ಕಣಕ್ಕ, ಬೆಟ್ಟ ನೋಡಕ್ಕೆ ಬಂದವ್ರೆ" ಎಂದಳು.

ಅವರು ಬೆಟ್ಟದ ಕಡೆ ತಲೆ ಎತ್ತಿಯೂ ನೋಡಲಿಲ್ಲ. ನೇರ ಹುಳುಮನೆಯೊಳಗೆ ಹೋಗಿ ನೆಲವನ್ನು ಶೂನಿಂದ ಗುದ್ದಿ ನೋಡಿದರು.

"ಭಾರ ತಡೀತದಾ?"

"ಏನ್ ಭಾರ ಮೇಡಂ?" ನಿಮ್ಮಪ್ಪ ಕೇಳಿದ.

"ಕಲ್ಲು. ಈಗ ಒಂದು ಲಾರಿ. ಆಮೇಲೆ ಇನ್ನೂ ಬರ್ತವೆ."

"ಕಲ್ಲು ಇಡಕ್ಕೆ ಬಾಡಿಗೆ ಕೊಡ್ತೀರಾ? ನಮ್ಮೂರಲ್ಲಿ ಕಲ್ಲು ಎತ್ತಿ ಆಚೆ ಹಾಕಕ್ಕೆ ನಾವೇ ಕೂಲಿ ಕೊಡ್ತೀವಲ್ಲ ಮೇಡಂ!"

ಅವರು ನಗಲಿಲ್ಲ. "ನಿಮ್ಮ ಕಲ್ಲಲ್ಲ, ಬೇರೆ ಕಲ್ಲು" ಎಂದರು, ನಮ್ಮ ಕಲ್ಲಿಗೆ ಮರ್ಯಾದೆಯೇ ಇಲ್ಲ ಅನ್ನುವ ಹಾಗೆ.

ಆಮೇಲೆ ತಿಳಿದದ್ದು ಇಷ್ಟು. ಅವರು ನೆಲದೊಳಗೆ ಸತು ಮತ್ತು ಸೀಸ ಹುಡುಕುವ ಒಂದು ಕಂಪನಿಯವರು. ಹುಡುಕುತ್ತಿದ್ದುದು ಇಲ್ಲಲ್ಲ, ಉತ್ತರಕ್ಕೆ ಕೃಷ್ಣಾ ಹೊಳೆಯ ಸೀಮೆಯಲ್ಲಿ. ಅಲ್ಲಿ ಆಳಕ್ಕೆ ತೂತು ಕೊರೆದು, ಕಲ್ಲನ್ನು ಪುಡಿ ಮಾಡದೆ ಕೋಲಿನ ಹಾಗೆ ಇಡಿಯಾಗಿ ತೆಗೆಯುತ್ತಿದ್ದರು. ನಮ್ಮ ಬೋರ್‌ವೆಲ್ ಗಾಡಿ ದೂಳೆಬ್ಬಿಸುತ್ತದಲ್ಲ, ಹಾಗಲ್ಲ. ಕೊಳವೆಯ ತುದಿಗೆ ವಜ್ರದ ಹರಳು ಕೂರಿಸಿರುತ್ತಾರಂತೆ, ಅದು ಸುತ್ತಲೂ ಕೊರೆದುಕೊಂಡು ಇಳಿದರೆ ನಡುವೆ ಲಟ್ಟಣಿಗೆಯಷ್ಟು ದಪ್ಪದ ಕಲ್ಲಿನ ಕೋಲು ಉಳಿಯುತ್ತದೆ. ಆ ಕೋಲುಗಳನ್ನು ತಗಡಿನ ಟ್ರೇಗಳಲ್ಲಿ ಸಾಲಾಗಿಟ್ಟು ಇಲ್ಲಿಗೆ ತರುತ್ತಿದ್ದರು. ಬೆಂಗಳೂರಿನಲ್ಲಿ ಅಷ್ಟು ದೊಡ್ಡ ಜಾಗಕ್ಕೆ ಬಾಡಿಗೆ ಜಾಸ್ತಿ. ಮೇಡಮ್ಮನ ತಾಯಿಯ ಮನೆ ಮಾಗಡಿ, ವಯಸ್ಸಾದ ತಾಯಿಯನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಇವೆರಡನ್ನೂ ಕೂಡಿಸಿ ಕಳೆದು ನಮ್ಮ ಹುಳುಮನೆಗೆ ಬಂದಿದ್ದರು. ಹುಳದ ತಟ್ಟೆ ಇಡುತ್ತಿದ್ದ ಸ್ಟ್ಯಾಂಡುಗಳ ಮೇಲೆ ಕಲ್ಲಿನ ಟ್ರೇ ಕೂತವು.

ಊರಿನಲ್ಲಿ ಸುದ್ದಿ ಎದ್ದಿತು, ಹುಳುಮನೆಯಲ್ಲಿ ಚಿನ್ನ ಇಟ್ಟಿದ್ದಾರೆ ಅಂತ. ಜಯಮ್ಮ ಎರಡು ದಿನ ಕಿಟಕಿಯಲ್ಲಿ ಇಣುಕಿ, ಮೂರನೇ ದಿನ ತಡೆಯಲಾರದೆ ಒಳಗೇ ನುಗ್ಗಿದಳು.

"ನಿಜ ಹೇಳಿ ಮೇಡಮ್ಮ, ಚಿನ್ನ ತಾನೆ?"

"ಅಲ್ಲಮ್ಮ. ಸತು."

"ಹಂಗಂದ್ರೆ?"

ಮೇಡಮ್ಮ ಮೇಲೆ ಛಾವಣಿಯ ತಗಡು ತೋರಿಸಿದರು, ಆಮೇಲೆ ಬಾಗಿಲ ಹತ್ತಿರದ ಬಕೆಟ್ಟು ತೋರಿಸಿದರು. "ತಗಡಿಗೆ ತುಕ್ಕು ಹಿಡೀದಂಗೆ ಮೇಲೆ ಬಳಿದಿರ್ತಾರಲ್ಲ, ಅದು."

ಜಯಮ್ಮ ಬಕೆಟ್ಟನ್ನು ನೋಡಿದಳು, ಕಲ್ಲುಗಳನ್ನು ನೋಡಿದಳು, ಮೇಡಮ್ಮನ ಹ್ಯಾಟನ್ನು ನೋಡಿದಳು. "ಅಯ್ಯೋ ಶಿವ್ನೆ, ಬಕೀಟಿಗೆ ಬಳಿಯಕ್ಕೆ ಇಷ್ಟೆಲ್ಲಾನಾ!" ಎಂದು ಹೊರಟುಹೋದಳು. ಅಂದಿನಿಂದ ನಮ್ಮ ಬೀದಿಯಲ್ಲಿ ಅವರಿಗೆ ಬಕೀಟು ಮೇಡಮ್ಮ ಎಂದು ಹೆಸರಾಯಿತು. ಅವರಿಗೂ ಅದು ಗೊತ್ತಿತ್ತು. ಒಂದು ಸಲ ಫೋನಿನಲ್ಲಿ ಯಾರಿಗೋ ನಮ್ಮ ಮನೆಯ ಗುರುತು ಹೇಳುವಾಗ, "ಕೈಲಾಂಚದಲ್ಲಿ ಬಸ್ಸಿಳಿದು ಬಕೀಟು ಮೇಡಮ್ಮ ಎಲ್ಲಿ ಅಂತ ಕೇಳ್ರಿ, ತೋರಿಸ್ತಾರೆ" ಅಂದದ್ದನ್ನು ನಾನೇ ಕೇಳಿದ್ದೇನೆ.

ಅವರು ಕಲ್ಲು ನೆಕ್ಕುತ್ತಿದ್ದರು. ನಗಬೇಡಿ, ನಿಜ. ಕಲ್ಲು ಒದ್ದೆಯಾದರೆ ಒಳಗಿನ ಪಟ್ಟಿ, ಹರಳು ಎಲ್ಲ ಎದ್ದು ಕಾಣುತ್ತವೆ. ನೀರು ಹತ್ತಿರ ಇಲ್ಲದಿದ್ದರೆ ನಾಲಿಗೆಯೇ ನೀರು. ಮೊದಲ ಸಲ ನೋಡಿದಾಗ ಇವರಿಗೇನೋ ಕೊರತೆ ಇದೆ, ಬಸುರಿಯರು ಮಣ್ಣು ತಿಂದ ಹಾಗೆ ಅಂದುಕೊಂಡು ಒಂದು ತಟ್ಟೆ ಉಪ್ಪಿಟ್ಟು ತಂದಿಟ್ಟೆ. ಉಪ್ಪಿಟ್ಟು ತಿಂದರು, ಮತ್ತೆ ಕಲ್ಲು ನೆಕ್ಕಿದರು. ಆದರೆ ಎಲ್ಲ ಕಲ್ಲನ್ನೂ ಅಲ್ಲ. ಬೆಳ್ಳಿಯ ಹಾಗೆ ಹೊಳೆಯುವ ಹರಳಿರುವ ಕಲ್ಲನ್ನು ಮಾತ್ರ ದೂರ ಹಿಡಿಯುತ್ತಿದ್ದರು. "ಇದು ಸೀಸಕ್ಕಾ, ವಿಷ. ನೋಡಕ್ಕೆ ಚೆಂದ, ಬಾಯಿಗೆ ಹಾಕಂಗಿಲ್ಲ."

ಇನ್ನೊಂದು ಅವರ ಆಸಿಡ್ ಬಾಟಲಿ. ಕಂದು ಕಲ್ಲನ್ನು ಚಾಕುವಿನಿಂದ ಕೆರೆದು, ಆ ಪುಡಿಯ ಮೇಲೆ ಒಂದೇ ಒಂದು ಹನಿ ಬಿಡುತ್ತಿದ್ದರು. ಕೂಡಲೇ ಕೊಳೆತ ಮೊಟ್ಟೆಯ ನಾತ. ನಾನು ಸೆರಗು ಮೂಗಿಗೆ ಹಿಡಿದು ಆಚೆ ಓಡುತ್ತಿದ್ದೆ. ಅವರು ಮಾತ್ರ ಮಲ್ಲಿಗೆ ಮೂಸಿದ ಹಾಗೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಸತು ಇರುವ ಕಲ್ಲು ಮಾತ್ರ ಹಾಗೆ ನಾರುವುದಂತೆ. ಅವರ ಮುಖ ಅರಳಿದೆ ಅಂದರೆ ಆ ದಿನ ಹುಳುಮನೆ ನಾರುತ್ತಿದೆ ಎಂದು ನಾವು ತಿಳಿದುಕೊಳ್ಳುತ್ತಿದ್ದೆವು.

ಯಾವುದನ್ನು ಕೇಳಿದರೂ ಅವರ ಉತ್ತರ ಒಂದೇ, "ಇರಬಹುದು." ಈ ಕಲ್ಲಿನಲ್ಲಿ ಸತು ಇದೆಯಾ? ಇರಬಹುದು. ನಾಳೆ ಮಾಗಡಿಗೆ ಹೋಗುತ್ತೀರಾ? ಇರಬಹುದು. ಒಂದು ಸಲ ಸಾರು ರುಚಿಗೆ ಕೊಟ್ಟು ಉಪ್ಪು ಸರಿಯಾಗಿದೆಯಾ ಎಂದು ಕೇಳಿದೆ. ಅದಕ್ಕೂ ಇರಬಹುದು! ನಾನು ಸಿಟ್ಟಿನಲ್ಲಿ, "ನಾಲ್ಗೇನಾ ಕಲ್ಲಿಗೆ ಉಜ್ಜಿ ಉಜ್ಜಿ ಸವೆಸ್ಬುಟ್ಟಿದ್ದೀರ, ಇನ್ನು ಉಪ್ಪು ಎಲ್ಲಿ ಗೊತ್ತಾಯ್ತದೆ" ಅಂದುಬಿಟ್ಟೆ. ಪರರ ಮುಂದೆ ಅಷ್ಟು ಉದ್ದದ ಮಾತು ನಾನು ಆಡಿದ್ದು ಅದೇ ಮೊದಲು. ಅವರು ಅರ್ಧ ಗಂಟೆ ನಕ್ಕರು.

ನಮ್ಮ ರಾಮನಗರದ ಬೆಟ್ಟಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇವರು ಬಸ್ಸಿನಲ್ಲಿ ಬೆಟ್ಟ ಇರುವ ಕಡೆಯ ಕಿಟಕಿ ಬಿಟ್ಟು ಈಚೆ ಕೂರುತ್ತಿದ್ದರು. ಯಾಕೆಂದು ನಿಮ್ಮಪ್ಪ ಕೇಳಿದ.

"ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಕಲ್ಲು ಕಣಪ್ಪ ಅದು. ಅದರಲ್ಲಿ ನಾನು ಹುಡುಕೋದು ಏನೂ ಇಲ್ಲ."

"ನಮ್ ಬೆಟ್ಟ ಬಯ್ಯಬೇಡಿ ಮೇಡಂ, ಬಾಡಿಗೆ ಜಾಸ್ತಿ ಮಾಡ್ತೀನಿ."

"ಬಯ್ದಿಲ್ಲಪ್ಪ. ಹೆಣ್ಣು ನೋಡಕ್ಕೆ ಹೋದೋನು ಮಾವನ ಮೀಸೆ ನೋಡ್ಕೊಂಡು ಬರ್ತಾನಾ?"

ಅವರಿಗೆ ಬೇಕಾದದ್ದು ಹಳೆಯ ಸಮುದ್ರದ ಕೆಸರು. ನಮ್ಮೆಲ್ಲರ ಲೆಕ್ಕಕ್ಕೆ ಸಿಗದಷ್ಟು ಹಿಂದೆ ಆ ಕೃಷ್ಣಾ ಸೀಮೆಯಲ್ಲಿ ಸಮುದ್ರ ಇತ್ತಂತೆ. ತಳದಲ್ಲಿ ಕೆಸರು ಪದರ ಪದರವಾಗಿ ಕೂರುತ್ತಿತ್ತು. ನೆಲದ ಬಿರುಕಿನಿಂದ ಬಿಸಿ ಉಪ್ಪುನೀರು ಉಕ್ಕಿ ಬಂದು, ಅದರಲ್ಲಿ ಕರಗಿದ್ದ ಸತು ಸೀಸ ಎಲ್ಲ ಆ ಕೆಸರಿನೊಂದಿಗೆ ತಳಕ್ಕಿಳಿದು ಕೂತಿತು. ಕೆಸರು ಕಲ್ಲಾಯಿತು, ಸತು ಅದರೊಳಗೆ ಕಂದು ಪಟ್ಟಿಯಾಯಿತು. ಎಲ್ಲ ಕೆಸರಿನಲ್ಲೂ ಅಲ್ಲ, ಬಿಸಿನೀರು ಉಕ್ಕಿದ ಕಡೆ ಮಾತ್ರ. ಅದು ಎಲ್ಲಿ ಎಂದು ಹುಡುಕುವುದರಲ್ಲಿ ಇವರು ಇಪ್ಪತ್ತೈದು ವರ್ಷ ಕಳೆದಿದ್ದರು. ಮದುವೆಯನ್ನೂ ಮರೆತಿದ್ದರು. ಕೇಳಿದರೆ, "ಮರೆತಿಲ್ಲಕ್ಕಾ, ಮುಂದಿನ ತೂತು ಆಗ್ಲಿ ಅಂತಿದ್ದೆ" ಅನ್ನುತ್ತಿದ್ದರು. ಎಷ್ಟೋ ತೂತು ಕೊರೆದಿದ್ದರು, ಒಂದು ಕಡೆಯೂ ಗಣಿ ಆಗಿರಲಿಲ್ಲ.

ಈಗ ನಾನು ಮಾಡಿದ ಕೆಲಸ ಹೇಳುತ್ತೇನೆ. ಇದನ್ನು ನಿಮ್ಮಮ್ಮನಿಗೂ ಪೂರ್ತಿ ಹೇಳಿಲ್ಲ.

ಅವರು ಬಂದ ಮರುವರ್ಷ ಒಂದು ತೂತಿನಲ್ಲಿ ಕಂದು ಪಟ್ಟಿ ಸಿಕ್ಕಿತ್ತು. ಸೀಮೆಯಿಂದ ಅವರಿಗೆ ಫೋನು ಬಂದಾಗ ಊಟದ ಎಲೆಯ ಮುಂದಿನಿಂದ ಎದ್ದು ಅಂಗಳದಲ್ಲಿ ಓಡಾಡಿದರು. ಮರುದಿನ ಲಾರಿಯಲ್ಲಿ ಆರು ಟ್ರೇ ಬಂದವು. ಅದೇ ತೂತಿನ ಕೆಳಭಾಗದ ಕಲ್ಲು. ಮೇಡಮ್ಮ ಅಷ್ಟರಲ್ಲಿ ಜೀಪು ಹತ್ತಿ ಆ ಸೀಮೆಗೆ ಹೋಗಿಬಿಟ್ಟಿದ್ದರು, ಕೊರೆಯುವ ಗಾಡಿ ಅಲ್ಲಿಂದ ಹೊರಡದ ಹಾಗೆ ನೋಡಿಕೊಳ್ಳಲು. ಕಂಪನಿಯ ದೊಡ್ಡ ಸಾಹೇಬರು ಮುಂದಿನ ವಾರ ಬಂದು ಕೋಲುಗಳನ್ನು ನೋಡುವವರಿದ್ದರು. ಪಟ್ಟಿ ಕೆಳಗೆ ಹೋದಂತೆ ದಪ್ಪವಾಗುತ್ತಿದ್ದರೆ ಇನ್ನೂ ಆಳಕ್ಕೆ ಕೊರೆಯುವುದು. ತೆಳ್ಳಗಾಗುತ್ತಿದ್ದರೆ, ಇಲ್ಲವೇ ಸರಿಯಾಗಿ ಗೊತ್ತಾಗದಿದ್ದರೆ, ಗಾಡಿಯನ್ನು ಎತ್ತಿ ಬೇರೆ ರಾಜ್ಯಕ್ಕೆ ಕಳಿಸುವುದು. ಮೇಡಮ್ಮನಿಗೆ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿತ್ತು. ಇದು ಅವರ ಕೊನೆಯ ತೂತು.

ಅವರು ಅತ್ತ ಹೋದ ಎರಡನೇ ದಿನ ಆಯುಧಪೂಜೆ.

ಹುಳುಮನೆಯ ಬೀಗದ ಒಂದು ಕೈ ನನ್ನ ಹತ್ತಿರ ಇತ್ತು. ಕುಡುಗೋಲು, ಗುದ್ದಲಿ, ಹಾಲಿನ ಕ್ಯಾನು, ನಿಮ್ಮಪ್ಪನ ಸ್ಕೂಟರು ಎಲ್ಲ ತೊಳೆದು ವಿಭೂತಿ ಬಳಿದಾಗಿತ್ತು. ಮೇಡಮ್ಮನ ಸಾಮಾನು ಮಾತ್ರ ಕೆಸರು ಮೆತ್ತಿಕೊಂಡು ಕೂತಿದೆಯಲ್ಲ, ಪಾಪ, ಅವರಿಗೂ ಇದೇ ಅನ್ನ ಕೊಡುವ ಆಯುಧ ಅನ್ನಿಸಿತು. ಬಾಗಿಲು ತೆರೆದು, ಹೊಸದಾಗಿ ಬಂದ ಆರೂ ಟ್ರೇಗಳ ಕಲ್ಲನ್ನು ಅಂಗಳಕ್ಕೆ ಹೊತ್ತು ತಂದು ಟಾರ್ಪಾಲಿನ ಮೇಲೆ ಸುರಿದೆ. ತೆಂಗಿನ ನಾರು ಹಾಕಿ ಒಂದೊಂದನ್ನೂ ತಿಕ್ಕಿ ತೊಳೆದೆ. ಕೆಲವದರ ಮೇಲೆ ಯಾರೋ ನೀಲಿ ಪೆನ್ಸಿಲಿನಲ್ಲಿ ಗೆರೆ ಗೀಚಿದ್ದರು, ಅದನ್ನೂ ಬಿಡದೆ ತಿಕ್ಕಿ ತೆಗೆದೆ. ನಡುನಡುವೆ ನಂಬರು ಬರೆದ ಮರದ ಚೂರುಗಳಿದ್ದವು. ಅವನ್ನೆಲ್ಲ ಆರಿಸಿ ದಾರ ಕಟ್ಟಿ ಒಂದು ಕಡೆ ಇಟ್ಟೆ.

ಒಣಗಿದ ಮೇಲೆ ಹೇಗೆ ತುಂಬುವುದು? ಮೂವತ್ತು ವರ್ಷ ರೇಷ್ಮೆ ಗೂಡು ಬಿಡಿಸಿದ ಕೈ ನನ್ನದು. ಗೂಡನ್ನು ಮಾರುಕಟ್ಟೆಗೆ ಒಯ್ಯುವ ಮೊದಲು ಹೇಗೆ ಆರಿಸುತ್ತಿದ್ದೆವೋ ಹಾಗೇ ಆರಿಸಿದೆ. ಉದ್ದನೆಯ ನಯವಾದ ಕೋಲುಗಳು ಮೊದಲ ಎರಡು ಟ್ರೇಗೆ. ಮಧ್ಯಮದವು ಮುಂದಿನ ಎರಡಕ್ಕೆ. ಮುರುಕು ಐದನೆಯದಕ್ಕೆ. ಕಂದು ಕಲೆಯಾದವು, ಆಸಿಡ್ ಬಿದ್ದರೆ ನಾರುವಂಥವು, ಬೆಲೆ ಬಾರದ ಕಲೆಗೂಡಿನ ಹಾಗೆ ಎಲ್ಲಕ್ಕಿಂತ ಕೊನೆಗೆ, ಕಣ್ಣಿಗೆ ಬೀಳದಂತೆ ಕೆಳಗಿನ ಸ್ಟ್ಯಾಂಡಿಗೆ. ಟ್ರೇಗಳಿಗೆ ಕುಂಕುಮ ಇಟ್ಟು ಚೆಂಡುಹೂವು ಮುಡಿಸಿದೆ. ಹುಳುಮನೆ ಅಷ್ಟು ಲಕ್ಷಣವಾಗಿ ನಿಮ್ಮ ತಾತ ಇದ್ದಾಗಲೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಮೇಡಮ್ಮ ಬಂದರು. ನೇರ ಹುಳುಮನೆಯೊಳಗೆ ಹೋದರು. ನಾನು ಕಾಫಿ ಹಿಡಿದು ಹೋದೆ, ಹೊಗಳಿಸಿಕೊಳ್ಳಲು.

"ಅಕ್ಕಾ," ಅಂದರು ಮೆಲ್ಲಗೆ, "ಇದನ್ನ ಇಷ್ಟು ಚೆನ್ನಾಗಿ ಯಾರು ಜೋಡಿಸಿದ್ದು?"

"ನಾನೇ ಕಣ್ ಮೇಡಮ್ಮ. ಗಲೀಜಾಗಿತ್ತು. ಹಬ್ಬ ಅಲ್ವಾ, ಎಲ್ಲಾನೂ ತೊಳ್ದ್‌ಬುಟ್ಟೆ."

ಅವರು ನೆಲದ ಮೇಲೆ ಕೂತರು. ಕಾಫಿ ಕುಡಿಯಲಿಲ್ಲ. ಚೊಂಬು ಎತ್ತಿ ಪೂರ್ತಿ ನೀರು ಕುಡಿದರು. ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದರು, "ಒಂದು ಪುಸ್ತಕ ಇತ್ತು ಅನ್ಕೊಳ್ಳಿ. ಹಾಳೆ ಎಲ್ಲಾ ಬಿಚ್ಚಿ, ಹರಿದಿರೋದು ಒಂದು ಕಡೆ, ಹರೀದೆ ಇರೋದು ಒಂದು ಕಡೆ, ಮಸಿ ಬಿದ್ದಿರೋದು ಒಂದು ಕಡೆ ಜೋಡಿಸಿದಂಗಾಯ್ತಲ್ಲಕ್ಕಾ. ಈಗ ನಾನು ಕತೆ ಹೆಂಗ್ ಓದ್ಲಿ?"

ನನಗೆ ಆಗ ತಿಳಿಯಿತು. ನೆಲದಲ್ಲಿ ಯಾವ ಕಲ್ಲು ಮೇಲಿತ್ತು, ಯಾವುದು ಕೆಳಗಿತ್ತು ಅನ್ನುವ ಆ ಸಾಲೇ ಅವರಿಗೆ ಎಲ್ಲ. ನಂಬರಿನ ಮರದ ಚೂರು ಆಳದ ಗುರುತು. ನೀಲಿ ಗೆರೆ ಮೇಲ್ತುದಿ ಯಾವುದು ಎಂಬ ಗುರುತು. ಪಟ್ಟಿ ದಪ್ಪವಾಗುತ್ತಿದೆಯೋ ತೆಳ್ಳಗಾಗುತ್ತಿದೆಯೋ ಎಂದು ಸಾಹೇಬರು ನೋಡಬೇಕಿದ್ದ ಕಲ್ಲೆಲ್ಲ ಕಲೆಗೂಡು ಎಂದು ನಾನು ಒಂದೇ ಟ್ರೇಗೆ ತುಂಬಿದ್ದೆ. ಫೋಟೋ ಕೂಡ ತೆಗೆದಿರಲಿಲ್ಲ. ಅವರು ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಬೈಯಲಿಲ್ಲ. ಎದ್ದು ಅಂಗಿಯ ತೋಳು ಮಡಿಸಿ, "ಟಾರ್ಪಾಲು ಎಲ್ಲಿ?" ಎಂದರು.

ಸಾಹೇಬರು ಬರಲು ಇನ್ನು ಐದು ದಿನ ಇತ್ತು. ಕೋಲು ಮುರಿದ ಕಡೆ ಒಂದು ತುಂಡಿನ ಉಬ್ಬು ಇನ್ನೊಂದರ ತಗ್ಗಿಗೆ ಸರಿಯಾಗಿ ಕೂರುತ್ತದೆ, ಒಡೆದ ಮಡಕೆಯ ಚೂರುಗಳ ಹಾಗೆ. ನೂರಕ್ಕೂ ಮೇಲೆ ತುಂಡುಗಳಿದ್ದವು. ಒಂದನ್ನು ಕೈಯಲ್ಲಿ ಹಿಡಿದು ಉಳಿದವುಗಳಿಗೆಲ್ಲ ಹಚ್ಚಿ ನೋಡುವುದು. ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಯಲು ಅವರೊಂದು ಉಪಾಯ ಹೇಳಿಕೊಟ್ಟರು. ಮಳೆಯ ಕೆನ್ನೀರನ್ನು ಬಿಂದಿಗೆಯಲ್ಲಿ ಹಿಡಿದಿಟ್ಟರೆ ಮೊದಲು ಮರಳು ಕೂರುತ್ತದೆ, ಆಮೇಲೆ ನುಣ್ಣನೆಯ ಮಣ್ಣು. ಸಮುದ್ರದ ಕೆಸರೂ ಹಾಗೇ. ಒಂದೊಂದು ಪದರದಲ್ಲೂ ತರಿ ಕೆಳಗೆ, ನುಣುಪು ಮೇಲೆ. ಬೆರಳ ತುದಿಯಲ್ಲಿ ಸವರಿದರೆ ಗೊತ್ತಾಗುತ್ತದೆ.

ಮೊದಲ ದಿನ ಅವರೇ ಹೆಚ್ಚು ಜೋಡಿಸಿದರು. ಎರಡನೇ ದಿನದ ಹೊತ್ತಿಗೆ ನನ್ನ ಕೈ ಮುಂದಾಯಿತು. ಗೂಡಿನ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ನೋಡಿ ಪಳಗಿದ ಕಣ್ಣಲ್ಲವಾ. "ಇದು ಅದ್ರದ್ದೇ ಮೇಡಮ್ಮ, ತಗಳಿ" ಎಂದು ನಾನು ಕೊಡುವುದು, "ಇರಬಹುದು" ಎಂದು ಅವರು ಹಚ್ಚಿ ನೋಡುವುದು, ಟಕ್ಕೆಂದು ಅದು ಕೂರುವುದು. ಮೂರನೇ ದಿನ ನಾನು ಕೊಟ್ಟ ತುಂಡನ್ನು ಅವರು ಹಚ್ಚಿ ನೋಡದೆ ಹಾಗೇ ಇಟ್ಟರು. ಆ ದಿನ ನನಗೆ ಅಡಿಗೆಯ ಮೇಲೆ ಗಮನವೇ ಇರಲಿಲ್ಲ. ನಿಮ್ಮಪ್ಪ, "ಅವ್ವ, ನೀನೂ ನೆಕ್ಕಕ್ಕೆ ಶುರು ಮಾಡ್ಬುಟ್ಟಿಯೇನವ್ವ?" ಎಂದು ಗೇಲಿ ಮಾಡಿದ. ಮಾಡಿದ್ದೆ. ಅವನಿಗೆ ಹೇಳಲಿಲ್ಲ.

ನಾಲ್ಕನೇ ದಿನಕ್ಕೆ ಆರೂ ಟ್ರೇ ತುಂಬಿದವು. ಕಂದು ಪಟ್ಟಿಗಳು ಮೇಲೆ ದಾರದಷ್ಟು, ಕೆಳಗೆ ಹೋದಂತೆ ಬೆರಳಿನಷ್ಟು. ಆದರೆ ಮೂರು ಕಡೆ ಒಡಕು ಸವೆದುಹೋಗಿ ತುಂಡುಗಳು ಕೂರಲೇ ಇಲ್ಲ. ಅಲ್ಲಿ ಮೇಡಮ್ಮ ಬೆರಳಷ್ಟು ಜಾಗ ಬಿಟ್ಟು, ಚೀಟಿ ಇಟ್ಟು, "ಇಲ್ಲಿ ಖಚಿತವಿಲ್ಲ" ಎಂದು ಬರೆದರು.

ನಾನು ಅಂಗಲಾಚಿದೆ. "ಒಸಿ ಒತ್ತಿ ಇಟ್ಬುಡಿ ಮೇಡಮ್ಮ. ಹೆಚ್ಚುಕಮ್ಮಿ ಅದೇ ಜಾಗ. ಯಾರಿಗ್ ಗೊತ್ತಾಯ್ತದೆ?"

"ಯಾರಿಗೂ ಗೊತ್ತಾಗಲ್ಲ. ಕಲ್ಲಿಗೂ ಬೇಜಾರಿಲ್ಲ. ಆಮೇಲೆ ನಾವೇ ಸುಳ್ಳು ಜಾಗದಲ್ಲಿ ತೂತು ಹೊಡ್ಕೊಂಡು ಕೂತಿರ್ತೀವಿ ಅಷ್ಟೇ."

ಸಾಹೇಬರು ಬಂದರು. ಮೇಡಮ್ಮನಿಗಿಂತ ಹತ್ತು ವರ್ಷಕ್ಕೆ ಚಿಕ್ಕವರು, ಇಸ್ತ್ರಿ ಮಾಡಿದ ಅಂಗಿ. ಅವರು ಕೂರುವ ಮೊದಲೇ ಮೇಡಮ್ಮ ಹೇಳಿಬಿಟ್ಟರು, "ಸರ್, ಈ ಆರು ಟ್ರೇ ಕಲೆಸಿಹೋಗಿದ್ವು. ಮತ್ತೆ ಜೋಡಿಸಿದ್ದೀವಿ. ಮೂರು ಕಡೆ ಖಚಿತ ಇಲ್ಲ. ಜವಾಬ್ದಾರಿ ನನ್ನದು."

"ಕಲೆಸಿಹೋದ್ವು ಅಂದ್ರೆ? ಯಾರು ಕಲೆಸಿದ್ದು?"

"ನನ್ನ ಸುಪರ್ದಿನಲ್ಲಿದ್ವು ಸರ್. ನಾನೇ ಅಂತ ಬರ್ಕೊಳ್ಳಿ."

"ಹಾಗಾದ್ರೆ ಇದನ್ನ ಲೆಕ್ಕಕ್ಕೆ ಹೇಗೆ ತಗೊಳ್ಳೋದು ಮೇಡಂ? ನಿಮಗೆ ಬೇಕಾದ ಹಾಗೆ ಜೋಡಿಸ್ಕೊಂಡಿದ್ದೀರಿ ಅಂತ ನಾಳೆ ನನ್ನ ಮೇಲಿನೋರು ಅಂದ್ರೆ?"

ಮೇಡಮ್ಮ ಮೂರು ಚೀಟಿಗಳ ಕಡೆ ಕೈ ತೋರಿಸಿದರು. ಸಾಹೇಬರು ಫೋನು ಕೈಗೆ ತೆಗೆದುಕೊಂಡರು. ಗಾಡಿ ಎತ್ತಲು ಹೇಳುತ್ತಾರೆ ಎಂದು ನನಗೂ ಗೊತ್ತಾಯಿತು. ನಾನು ಬಾಗಿಲ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದೆ. ಹೇಗೆ ಒಳಗೆ ಹೋದೆನೋ ಗೊತ್ತಿಲ್ಲ. ಕಾಫಿ ಅರ್ಧ ತಟ್ಟೆಗೆ ಚೆಲ್ಲಿತ್ತು.

"ನಾನು ಸಾ. ಕಲೆಸಿದ್ದು ನಾನು. ಹಬ್ಬಕ್ಕೆ ತೊಳ್ದೆ. ಗೂಡು ಆರ್ಸಿದಂಗೆ ಆರ್ಸ್‌ಬುಟ್ಟೆ. ಜೋಡ್ಸಿದ್ದೂ ನಾನೇ ಸಾ, ಮುಕ್ಕಾಲು ಪಾಲು. ನನ್‌ಗೆ ಯಾವ್ದು ಎಲ್ಲಿಗ್ ಬೇಕು ಅಂತ ಏನ್ ಗೊತ್ತು? ಕೂತಿದ್ದ ಕಡೆ ಕೂರ್ಸಿದೀನಿ."

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಫೋನನ್ನು ಇಟ್ಟು, ಹಳೆಯ ಟ್ರೇ ಒಂದನ್ನು ಎಳೆದರು. ಅದರ ಫೋಟೋ ಅವರ ಲ್ಯಾಪ್‌ಟಾಪಿನಲ್ಲಿತ್ತು. ನನಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ಹತ್ತು ಹನ್ನೆರಡು ತುಂಡು ತೆಗೆದು ನೆಲದ ಮೇಲೆ ಕಲೆಸಿ, "ಜೋಡಿಸಮ್ಮ" ಎಂದರು.

ನಾನು ಸೆರಗು ಸಿಕ್ಕಿಸಿ ಕೂತೆ. ತಲೆ ಎತ್ತಲಿಲ್ಲ. ಗಂಡಸರು ನೋಡುತ್ತಿದ್ದಾರೆ ಅನ್ನುವುದು ಮೂರು ತುಂಡು ಜೋಡಿಸುವವರೆಗೆ ನೆನಪಿತ್ತು, ಆಮೇಲೆ ಮರೆತುಹೋಯಿತು. ಕೊನೆಯಲ್ಲಿ ಒಂದು ಕಡೆ ಅಂಗೈಯಷ್ಟು ಜಾಗ ಉಳಿಯಿತು. ಎಲ್ಲ ತುಂಡನ್ನೂ ಮತ್ತೆ ಸವರಿ ನೋಡಿದೆ.

"ಒಂದು ಕಮ್ಮಿ ಐತೆ ಸಾ."

"ಇಲ್ಲವಲ್ಲ, ಎಲ್ಲ ಕೊಟ್ಟಿದ್ದೀನಿ. ಸ್ವಲ್ಪ ಒತ್ತಿ ಇಡಮ್ಮ, ಕೂರುತ್ತೆ."

"ಕೂರಲ್ಲ ಸಾ. ಒಂದು ಕಮ್ಮಿ ಐತೆ."

ಸಾಹೇಬರು ಪ್ಯಾಂಟಿನ ಜೇಬಿನಿಂದ ತುಂಡು ತೆಗೆದು ಕೊಟ್ಟರು. ಇಸ್ತ್ರಿಯ ಪ್ಯಾಂಟಿಗೆ ದೂಳಾಗಿತ್ತು. ಮೇಡಮ್ಮ ಕೆಮ್ಮುವ ಹಾಗೆ ಮಾಡಿ ಮುಖ ಆಚೆ ತಿರುಗಿಸಿದರು. ಸಾಹೇಬರು ಆರೂ ಟ್ರೇಗಳನ್ನು ಇನ್ನೊಂದು ಸುತ್ತು ನೋಡಿದರು, ಮೂರು ಚೀಟಿಗಳನ್ನೂ ಓದಿದರು. "ಇನ್ನು ಮೂವತ್ತು ಮೀಟರ್. ಒಂದು ಮೀಟರ್ ಜಾಸ್ತಿ ಇಲ್ಲ" ಎಂದು ಕಾರು ಹತ್ತಿದರು.

ಆ ಮೇಲಿನ ದಿನಗಳಲ್ಲಿ ನಾನು ದೇವರಿಗೆ ಸತುವಿಗಾಗಿ ಕೈ ಮುಗಿದಷ್ಟು ಮಕ್ಕಳಿಗಾಗಿಯೂ ಮುಗಿದಿರಲಿಲ್ಲ. ಲಾರಿ ಬಂತು. ಟ್ರೇ ಇಳಿಸಿದ್ದೇ ನಾನು ಓಡಿಹೋಗಿ ನೋಡಿದೆ. ಮೊದಲ ಕೋಲುಗಳಲ್ಲಿ ಪಟ್ಟಿ ಬೆರಳಿನಷ್ಟೇ ಇತ್ತು. ಆಮೇಲೆ ದಾರ. ಆಮೇಲೆ ಕೂದಲೆಳೆ. ಆಮೇಲೆ ಬೂದು ಕಲ್ಲು, ಬರೀ ಬೂದು ಕಲ್ಲು, ಕೊನೆಯ ಟ್ರೇಯ ಕೊನೆಯ ತುಂಡಿನವರೆಗೆ. ಮೇಡಮ್ಮ ಒಂದು ಕಡೆಯಿಂದ ನೋಡುತ್ತ ಬಂದು, "ಇಲ್ಲ" ಎಂದರು. ಸತು ಇದೆಯಾ ಅನ್ನುವುದಕ್ಕೆ ಅವರ ಬಾಯಿಂದ ಇರಬಹುದು ಅಲ್ಲದ ಒಂದು ಉತ್ತರ ಕೇಳಿದ್ದು ಅವತ್ತೇ.

ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನ ಪಕ್ಕ ಬಂದು ಕೂತರು.

"ಯಾಕಕ್ಕಾ ಅಳ್ತೀರಾ? ಬಕೀಟು ತೂತಾಯ್ತಾ?"

"ನಿಮ್ ಕೊನೇದು ಮೇಡಮ್ಮ…"

"ಕೊನೇದೇ. ಎಲ್ಲದರಲ್ಲೂ ಆದಂಗೆ ಇದರಲ್ಲೂ ಆಯ್ತು, ನನಗೇನು ಹೊಸದಾ?" ಎಂದು ನಕ್ಕರು. ಕಣ್ಣಲ್ಲಿ ನೀರಿತ್ತು, ನಾನು ನೋಡಿದ್ದೇನೆ. "ಆದ್ರೆ ಕೇಳಿ. ಅವತ್ತು ಸಾಹೇಬರು ಗಾಡಿ ಎತ್ತಿಸಿಬಿಟ್ಟಿದ್ರೆ ಏನಾಗ್ತಿತ್ತು? ಕೆಳಗೆ ಗಣಿ ಇತ್ತು, ನನ್ನ ಹಬ್ಬದಿಂದ ಹಾಳಾಯ್ತು ಅಂತ ನೀವು ಸಾಯೋತನಕ ಕೊರಗ್ತಿದ್ರಿ. ಇರಲೇ ಇಲ್ಲವಲ್ಲಕ್ಕಾ. ಈ ಮೂವತ್ತು ಮೀಟರ್ ನಿಮಗೋಸ್ಕರ ಕೊರೆಸಿದ್ದು ಅನ್ಕೊಳ್ಳಿ."

ಅವರ ಮನಸ್ಸಿಗೆ ಎಷ್ಟು ನೋವಾಗಿತ್ತೋ ನಾನು ಅಳೆಯಲಾರೆ. ಆ ದಿನವೂ ಅವರು ನನ್ನ ನೋವಿನ ಲೆಕ್ಕವನ್ನೇ ಮೊದಲು ತೀರಿಸಿದರು. ದೊಡ್ಡವಳು ಕೇಳಿದ್ದಕ್ಕೆ ನನ್ನ ಉತ್ತರ ಇದೇ.

ಸ್ವಲ್ಪ ಹೊತ್ತಿಗೆ ಎದ್ದು ಕಲ್ಲಿನ ವಿವರ ಬರೆಯುವ ಪುಸ್ತಕ ತೆರೆದರು. ಇನ್ನೇಕೆ ಬರೆಯುತ್ತೀರಿ, ಏನೂ ಇಲ್ಲವಲ್ಲ ಎಂದೆ. "ಇನ್ಯಾರೋ ಮುಂದೆ ಹುಡುಕ್ಕೊಂಡು ಬರ್ತಾರಲ್ಲಕ್ಕಾ, ಇಲ್ಲಿ ನೋಡಾಗಿದೆ ಅಂತ ಅವರಿಗೆ ಗೊತ್ತಾಗಬೇಡ್ವಾ?" ಎಂದರು. ಕನ್ನಡಕ ಏರಿಸಿಕೊಂಡು ಮೊದಲ ತುಂಡಿಗೆ ಕೈ ಹಾಕಿದರು. ಆ ಬೂದು ಕಲ್ಲನ್ನು, ಒಂದು ತುಂಡನ್ನೂ ಬಿಡದೆ, ಸಾಯಂಕಾಲದವರೆಗೆ ನೋಡಿ ನೋಡಿ ಬರೆದರು. ನಾನು ಚೊಂಬಿನಲ್ಲಿ ನೀರು ಹಿಡಿದು ಅವರ ಮುಂದೆ ಮುಂದೆ ಕಲ್ಲಿನ ಮೇಲೆ ಚಿಮುಕಿಸುತ್ತ ಹೋದೆ.